ನಾನು ಮತ್ತು ಯಂತ್ರ ಸೇರಿ ರಜಾಯಿ ಮಾರಿದ್ದು

ನಮ್ಮ ಶಿಡ್ಲಘಟ್ಟದಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಫೋನು ನೆಂಟರಿಗೆ ಹೋಗುತ್ತದೆ, ಆಮೇಲೆ ಶಾಮಿಯಾನದವರಿಗೆ, ಅದಾದ ಮೇಲೆ ನನಗೆ. ಹೋದವರ ಭಾವಚಿತ್ರದ ಕೆಳಗೆ ಫ್ಲೆಕ್ಸಿನಲ್ಲಿ ಹಾಕಲು ನಾಲ್ಕು ಸಾಲು ಬರೆದುಕೊಡುವುದು ನನ್ನ ಕೆಲಸ. ಸಂಬಳದ ಕೆಲಸ ಬೇರೆ ಇದೆ. ದಿನಾ ಬಸ್ಸಿನಲ್ಲಿ ಚಿಂತಾಮಣಿಗೆ ಹೋಗಿ ಒಂದು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಬರುತ್ತೇನೆ. ಆದರೆ ಊರಿನವರು ನನ್ನನ್ನು ಗುರುತಿಸುವುದು ಈ ನಾಲ್ಕು ಸಾಲುಗಳಿಂದ. ನಿವೃತ್ತಿಯಾದವರಿಗೆ ಬೀಳ್ಕೊಡುಗೆಯ ಪದ್ಯ, ಲಗ್ನಪತ್ರಿಕೆಗೆ ಪ್ರಾಸ, ಗಣೇಶನ ಪೆಂಡಾಲಿಗೆ ಸ್ವಾಗತ, ಎಲ್ಲವೂ ನನ್ನದೇ. ಎದುರು ಸಿಕ್ಕವರು "ಏನ್ ಸಾಹಿತಿಗಳೇ" ಎನ್ನುತ್ತಾರೆ. ಅದನ್ನು ಗೌರವವೆಂದೇ ನಾನು ಬಹಳ ಕಾಲ ನಂಬಿದ್ದೆ. ಹಾಗೆ ಕರೆಯುವವರೆಲ್ಲ ಯಾಕೆ ನಗುತ್ತಾ ಕರೆಯುತ್ತಾರೆ ಎಂದು ಹೆಂಡತಿ ಒಂದು ದಿನ ಕೇಳಿದ ಮೇಲೆ ಸ್ವಲ್ಪ ಅನುಮಾನ ಶುರುವಾಯಿತು.

ಇಂಥ ನನಗೆ ಜಾಹೀರಾತು ಬರೆಯುವ ಯೋಗ ಬಂದದ್ದು ಹೆಂಡತಿಯಿಂದಲೇ. ಅವಳು ಗೌರಿಬಿದನೂರಿನ ಕಡೆಯವಳು. ತವರಿನಲ್ಲಿ ತೆಲುಗು, ನಮ್ಮ ಮನೆಯಲ್ಲಿ ಕನ್ನಡ, ಕೋಪ ಬಂದಾಗ ಮತ್ತೆ ತೆಲುಗು. ಹೊಲಿಗೆ ತರಗತಿಯಲ್ಲಿ ಅವಳಿಗೆ ನಮ್ಮೂರಿನದೇ ಒಬ್ಬ ಗೆಳತಿ ಸಿಕ್ಕಿದ್ದರು. ನಾನು ಅವರನ್ನು ಉರ್ದುವಿನ ರೂಢಿಯಂತೆ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತೇನೆ. ಅವರ ಗಂಡನ ಮನೆಯವರು ತಲೆತಲಾಂತರದಿಂದ ರೇಷ್ಮೆ ನೂಲು ಬಿಚ್ಚುವವರು. ನೂಲು ಬಿಚ್ಚಲು ಬಾರದ ಗೂಡುಗಳು ಚೀಲಗಟ್ಟಲೆ ಉಳಿಯುತ್ತವಲ್ಲ, ಅವನ್ನು ಮೊದಲೆಲ್ಲ ಸಿಕ್ಕಿದ ಬೆಲೆಗೆ ಕೊಟ್ಟುಬಿಡುತ್ತಿದ್ದರು. ಆಪಾ ಅವನ್ನು ಸೋಡಾ ಹಾಕಿ ಬೇಯಿಸಿ, ತೊಳೆದು, ಹಿಂಜಿ, ಜೇಡರ ಬಲೆಯಂತೆ ಪದರ ಪದರವಾಗಿ ಎಳೆದು ರಜಾಯಿ ಮಾಡುವುದನ್ನು ಕಲಿತರು. ನನ್ನ ಹೆಂಡತಿ ಅದಕ್ಕೆ ಹತ್ತಿಬಟ್ಟೆಯ ಗವಸು ಹೊಲಿದಳು. ಮೊದಮೊದಲು ಮಾಡಿದ ರಜಾಯಿಗಳಲ್ಲಿ ಸತ್ತ ಹುಳದ ವಾಸನೆ ಎಷ್ಟಿತ್ತೆಂದರೆ, ನಮ್ಮ ಮನೆಯಲ್ಲಿ ಒಂದನ್ನು ಹೊದ್ದು ನೋಡಿದ ನಾನು ಚಳಿಯೇ ವಾಸಿ ಎಂದು ಎದ್ದು ಕೂತಿದ್ದೆ. ಬೇಯಿಸುವುದು, ತೊಳೆಯುವುದು, ನೆರಳಲ್ಲಿ ಒಣಗಿಸುವುದು ಎಲ್ಲವನ್ನೂ ಬದಲಾಯಿಸುತ್ತಾ ಬದಲಾಯಿಸುತ್ತಾ ಕಡೆಗೊಂದು ದಿನ ವಾಸನೆ ಹೋಯಿತು. ಹಗುರವೂ ಹೌದು, ಬೆಚ್ಚಗೂ ಹೌದು. ಆಪಾರ ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು. ಆದರೆ ಕೊಂಡವರೆಲ್ಲ ಎರಡೂ ಮನೆಯ ನೆಂಟರು. ನೆಂಟರು ಮುಗಿದ ಮೇಲೆ ವ್ಯಾಪಾರವೂ ಮುಗಿಯಿತು.

ಫೇಸ್‌ಬುಕ್ಕಿಗೆ, ಇನ್‌ಸ್ಟಾಗ್ರಾಮಿಗೆ ಹಾಕೋಣ, ಎರಡು ಸಾಲು ಬರೆದುಕೊಡಿ ಎಂದು ಹೆಂಡತಿ ಕೇಳಿದಳು. ಎರಡು ಸಾಲಿನಲ್ಲಿ ಬರೆಯುವುದು ನನ್ನ ಜಾಯಮಾನದಲ್ಲೇ ಇಲ್ಲ. "ಹೇ ಸುಖಪಯಣಿಗನೇ" ಎಂದು ಆರಂಭಿಸಿ ಹದಿನಾಲ್ಕು ಸಾಲು ಬರೆದೆ. ಮೃದುಲ ಇತ್ತು, ಮಡಿಲು ಇತ್ತು, ಮಂದಾನಿಲ ಇತ್ತು. ರಜಾಯಿ ಬಹಳ ವರ್ಷ ಬಾಳಿಕೆ ಬರುತ್ತದೆ ಎಂಬುದನ್ನು ಸೂಚಿಸಲು ಕೊನೆಯಲ್ಲಿ "ರೇಷ್ಮೆಯ ಮಡಿಲಲ್ಲಿ ಚಿರನಿದ್ರೆಗೆ ಜಾರು" ಎಂದೂ ಸೇರಿಸಿದೆ. ಗವಸು ಹಿಡಿದುಕೊಂಡು ನಿಂತ ಹೆಂಡತಿ ಮತ್ತು ಆಪಾರ ಫೋಟೋ ಕೊಟ್ಟು, ನನ್ನ ಖಾಯಂ ಫ್ಲೆಕ್ಸ್ ಅಂಗಡಿಯವರ ಹತ್ತಿರ ವಿನ್ಯಾಸ ಮಾಡಿಸಿದೆ. ನನ್ನ ಬರಹವೆಂದರೆ ಅವರ ಕೈ ತಾನಾಗಿ ಒಂದೇ ವಿನ್ಯಾಸಕ್ಕೆ ಹೋಗುತ್ತದೆ: ಮೇಲೆ ಎರಡು ದೀಪ, ಸುತ್ತ ಚೆಂಡುಹೂವಿನ ಅಂಚು, ನಡುವೆ ಮೊಟ್ಟೆಯಾಕಾರದಲ್ಲಿ ಭಾವಚಿತ್ರ.

ಹಾಕಿದ ಮೇಲೆ ಬಂದ ಮೊದಲ ಕಾಮೆಂಟು "ಓಂ ಶಾಂತಿ". ಎರಡನೆಯವರು ಕೈಮುಗಿದ ಚಿತ್ರ ಹಾಕಿದ್ದರು. ಮೂರನೆಯವರು, ಮೊನ್ನೆ ತಾನೇ ಸಂತೆಯಲ್ಲಿ ಇಬ್ಬರನ್ನೂ ನೋಡಿದ್ದೆನಲ್ಲ, ಆಕ್ಸಿಡೆಂಟಾ ಎಂದು ಕೇಳಿದ್ದರು. ಗೌರಿಬಿದನೂರಿನಿಂದ ನನ್ನ ಭಾಮೈದ ಫೋನ್ ಮಾಡಿದಾಗ ಎತ್ತಿದವಳು ಅವನ ಅಕ್ಕನೇ. ಅವಳ ಧ್ವನಿ ಕೇಳಿ ಅವನಿಗೆ ಮಾತೇ ಹೊರಡಲಿಲ್ಲವಂತೆ.

ಇದಾದ ಮೇಲೆ ಯಾರಾದರೂ ಪೆನ್ನು ಕೆಳಗಿಡುತ್ತಿದ್ದರು. ನಾನು ಇಡಲಿಲ್ಲ. ನನ್ನ ಪ್ರತಿಭೆಗೆ ಒಂದು ಆಧುನಿಕ ಉಪಕರಣ ಬೇಕು ಎಂದುಕೊಂಡೆ.

ಆ ದಿನಗಳಲ್ಲೇ ಚಿಕ್ಕಬಳ್ಳಾಪುರದಲ್ಲಿ ಸಣ್ಣ ಉದ್ಯಮ ನಡೆಸುವ ಹೆಂಗಸರಿಗೆ ಒಂದು ತರಬೇತಿ ಇತ್ತು. ಎಐ ಬಳಸಿ ಸೋಶಿಯಲ್ ಮೀಡಿಯಾಗೆ ಜಾಹೀರಾತು ಬರೆಯುವುದು ಹೇಗೆ ಎಂಬುದೇ ವಿಷಯ. ಹೆಂಡತಿಯೂ ಆಪಾರೂ ಹೆಸರು ಕೊಟ್ಟಿದ್ದರು. ನಾನು ರಜೆ ಹಾಕಿ ಅವರ ಹಿಂದೆ ಹೊರಟೆ. ಬಾಗಿಲಲ್ಲಿ ಇದು ಮಹಿಳೆಯರಿಗೆ ಎಂದರು. ಬರವಣಿಗೆಯ ವಿಭಾಗ ನನ್ನದು ಎಂದೆ. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕೊಟ್ಟರು. ಇಡೀ ಸಭಾಂಗಣದಲ್ಲಿ ಗಂಡಸೆಂದರೆ ನಾನೊಬ್ಬ, ಮೈಕ್ ಸರಿಮಾಡುವವರು ಇನ್ನೊಬ್ಬರು.

ಪಾಠ ಹೇಳಿದ ಯುವತಿ ಚೆನ್ನಾಗಿಯೇ ಹೇಳಿದರು. ಯಂತ್ರಕ್ಕೆ ಸುಮ್ಮನೆ ಜಾಹೀರಾತು ಬರಿ ಎಂದರೆ ಅದು ಊರಿಗೆಲ್ಲ ಹೊಂದುವ ಮಾತು ಬರೆಯುತ್ತದೆ. ನಿಮ್ಮ ಗಿರಾಕಿ ಯಾರು, ಅವರ ತೊಂದರೆ ಏನು, ಓದಿದ ಮೇಲೆ ಅವರು ಏನು ಮಾಡಬೇಕು, ಇಷ್ಟನ್ನು ವಿವರವಾಗಿ ತಿಳಿಸಿ. ಅದು ಕೊಟ್ಟದ್ದನ್ನು ಹಾಗೇ ಹಾಕಬೇಡಿ, ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ತೋರಿಸಿ. ಮೊದಲಿನದೆಲ್ಲ ನನ್ನ ತಲೆಯಲ್ಲಿ ಉಳಿಯಿತು. ಕೊನೆಯ ಮಾತು ಹೇಳುವ ಹೊತ್ತಿಗೆ ನಾನು ಕೈಯೆತ್ತಿಕೊಂಡು, ಈ ಕೃತಕ ಬುದ್ಧಿಮತ್ತೆಗೆ ಷಟ್ಪದಿ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಕೇಳಿಯೂ ಕೇಳಿದೆ. ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿ ತಿರುಗಿ ನೋಡಲಿಲ್ಲ. ಸೆರಗನ್ನು ಇನ್ನೊಂದು ಸುತ್ತು ಎಳೆದುಕೊಂಡಳು.

ಶನಿವಾರ ಮಧ್ಯಾಹ್ನ ಕಾಫಿ ಕುಡಿದು ಫೋನ್ ಹಿಡಿದು ಕುಳಿತೆ. ನೀವು ಮಾತಾಡೋ ಹಾಗೇ ಕನ್ನಡದಲ್ಲಿ ಹೇಳಿ, ಅದಕ್ಕೆ ಅರ್ಥವಾಗುತ್ತದೆ ಎಂದು ಹೆಂಡತಿ ಹೇಳಿದಳು. ಅಮೆರಿಕದಲ್ಲಿ ಹುಟ್ಟಿದ ಯಂತ್ರದ ಹತ್ತಿರ ಇಂಗ್ಲಿಷಿನಲ್ಲೇ ವ್ಯವಹರಿಸುವುದು ಮರ್ಯಾದೆ ಎಂದು ನಾನು ಹೇಳಿದೆ. ಕಚೇರಿಯ ಪತ್ರಗಳಲ್ಲಿ ಪಳಗಿದ ನನ್ನ ಇಂಗ್ಲಿಷಿನ ಮೇಲೆ ನನಗೆ ಆಗ ಸಾಕಷ್ಟು ಭರವಸೆ ಇತ್ತು. ನಿಘಂಟಿನಲ್ಲಿ ಹುಡುಕಿದೆ. ರಜಾಯಿಗೆ ಇಂಗ್ಲಿಷಿನಲ್ಲಿ ಕಂಫರ್ಟರ್ ಎನ್ನುತ್ತಾರೆ ಎಂದು ಗೊತ್ತಾಯಿತು. ಹಾಗೆಯೇ ಬರೆದು, ಜಾಹೀರಾತು ಮಾತ್ರ ಕನ್ನಡದಲ್ಲಿರಲಿ ಎಂದೂ ಸೇರಿಸಿದೆ.

ಯಂತ್ರದ ಮೇಲೆ ನಾನು ಸುಳ್ಳು ಅಪವಾದ ಹೊರಿಸಬಾರದು. ಮೊದಲ ಸಲ ಅದು ಬರೆದುಕೊಟ್ಟದ್ದರಲ್ಲಿ ರೇಷ್ಮೆ ರಜಾಯಿ ಎಂದೇ ಇತ್ತು, ಅಳತೆ ಇತ್ತು, ಅಂಗಡಿ ಎಲ್ಲಿದೆ ಎಂದಿತ್ತು. ನನಗೆ ಸಪ್ಪೆಯೆನಿಸಿತು. ಭಾವನೆ ಹೆಚ್ಚಿಸು ಎಂದೆ. ಅದು ಅಳತೆ ತೆಗೆದು ಭಾವನೆ ಹಾಕಿತು. ಇನ್ನೂ ಹೃದಯಕ್ಕೆ ತಟ್ಟಬೇಕು ಎಂದೆ. ಗಿರಾಕಿಯ ತೊಂದರೆ ಏನೆಂದು ಅದು ಕೇಳಿದಾಗ, ಚಳಿ ಎಂದು ಯಾರು ಬೇಕಾದರೂ ಹೇಳುತ್ತಾರೆ, ನಾನು ಆಳಕ್ಕಿಳಿದು ಒಂಟಿತನ ಎಂದೆ. ಓದಿದ ಮೇಲೆ ಏನು ಮಾಡಬೇಕು ಎಂದಾಗ, ಫೋನ್ ಮಾಡಬೇಕು ಎಂದೆ. ಚಿಕ್ಕದಾಗಿರಲಿ, ಮಾರಾಟದ ವಾಸನೆ ಇರಬಾರದು, ಕಂಫರ್ಟರ್ ಎಂಬುದಕ್ಕೆ ಒಳ್ಳೆಯ ಕನ್ನಡ ಪದ ಹಾಕು ಎಂದೆ. ಕಡೆಗೆ ಬಂದದ್ದು ಹೀಗಿತ್ತು:

"ಚಳಿಗಾಲದ ರಾತ್ರಿಗಳಲ್ಲಿ ಒಂಟಿ ಎನಿಸುತ್ತಿದೆಯೇ? ನಿಮಗೊಂದು ಸಾಂತ್ವನ ಬೇಕಲ್ಲವೇ? ರೇಷ್ಮೆಯಂತೆ ಮೃದು, ಅಪ್ಪುಗೆಯಂತೆ ಬೆಚ್ಚಗೆ. ಒಮ್ಮೆ ಕರೆ ಮಾಡಿ. ಬೆಳಗಿನವರೆಗೂ ನಿಮ್ಮ ಜೊತೆಗಿರುತ್ತೇವೆ."

ಓದಿ ನನ್ನ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷ ಬರೆದರೂ ನನಗೆ ಇಷ್ಟು ಹಿಡಿತದಲ್ಲಿ ಬರೆಯಲಾಗಿರಲಿಲ್ಲ. ರಜಾಯಿಯ ಫೋಟೋ ಈ ಭಾವಕ್ಕೆ ಭಾರವಾದೀತು ಎಂದು ಬಿಟ್ಟು, ಮುಳುಗುವ ಸೂರ್ಯನ ಚಿತ್ರದ ಮೇಲೆ ಅಕ್ಷರ ಕೂರಿಸಿದೆ. ಹೆಂಗಸರ ನಂಬರ್ ಊರಿಗೆಲ್ಲ ಹಂಚುವುದು ಬೇಡ ಎಂಬ ಜವಾಬ್ದಾರಿಯಿಂದ ನನ್ನ ನಂಬರನ್ನೇ ಹಾಕಿದೆ. ಸ್ವಲ್ಪ ಹಣ ಕಟ್ಟಿ ಜಿಲ್ಲೆಗೆಲ್ಲ ಕಾಣುವ ಹಾಗೆ ಬಿಟ್ಟೆ. ಹೆಂಡತಿ ಅಂದು ಹೊಲಿಗೆಯಲ್ಲಿ ಮುಳುಗಿದ್ದಳು; ಹಾಕಿ ಆಯಿತು ಎಂದಾಗ, ಆಯಿತಾ, ಸರಿ ಎಂದಳು.

ಭಾನುವಾರ ನಾಲ್ಕಾರು ಮಿಸ್ಡ್ ಕಾಲ್ ಬಂದವು. ಎತ್ತಿದರೆ ನನ್ನ ದನಿ ಕೇಳಿದ ಕೂಡಲೇ ಕಡಿದುಬಿಡುತ್ತಿದ್ದರು. ಗಿರಾಕಿಗಳಿಗೆ ಸಂಕೋಚ ಎಂದುಕೊಂಡೆ. ಸೋಮವಾರ ಕಚೇರಿಗೆ ಹೋಗಿ ಕೂತ ಮೇಲೆ ಫೋನು ನಿಲ್ಲಲೇ ಇಲ್ಲ. ಒಬ್ಬರು ಗೌರಿಬಿದನೂರಿನಿಂದ, ಇನ್ನೊಬ್ಬರು ಮುರುಗಮಲ್ಲದಿಂದ, ಮತ್ತೊಬ್ಬರು ಎಲ್ಲಿಂದ ಎಂದು ಹೇಳಲೇ ಒಪ್ಪಲಿಲ್ಲ. ನನಗಾದ ಹಿಗ್ಗು ಹೇಳತೀರದು. ನಮ್ಮ ಮೇಲಧಿಕಾರಿ ಪಕ್ಕದ ಮೇಜಿನಲ್ಲೇ ಕಡತ ನೋಡುತ್ತಾ ಕೂತಿದ್ದರು. ನನ್ನ ವ್ಯಾಪಾರ ಕೌಶಲ ಅವರಿಗೂ ಕಾಣಲಿ ಎಂದು ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ.

ಅತ್ತ ಕಡೆಯವನು ತಗ್ಗಿದ ದನಿಯಲ್ಲಿ, "ಮನೆಗೇ ಬರ್ತಾರಾ, ನಾವೇ ಬರಬೇಕಾ?" ಎಂದ.

"ಮನೆಗೇ ಕಳಿಸ್ತೀವಿ ಸಾರ್. ಬಂದು ನೋಡಿ ತಗೊಂಡ್ರೂ ಆಯ್ತು."

"ಹೆಂಗಿರ್ತಾರೆ?"

ಫೋನಿನಲ್ಲಿ ಅದು "ಹೆಂಗಿರ್ತದೆ" ಎಂದು ನನಗೆ ಕೇಳಿಸಿತು. "ಸಿಂಗಲ್ಲೂ ಇದೆ, ಡಬಲ್ಲೂ ಇದೆ. ಹಗುರವಾಗಿರ್ತದೆ, ಮೈಮೇಲೆ ಇದೆ ಅಂತಾನೇ ಗೊತ್ತಾಗಲ್ಲ. ಇಷ್ಟ ಆಗ್ಲಿಲ್ಲ ಅಂದ್ರೆ ಒಂದು ವಾರ ಇಟ್ಕೊಂಡು ವಾಪಸ್ ಕಳಿಸಿ."

ಫೋನ್ ಕಟ್ಟಾಯಿತು. ಮೇಲಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನ್ನ ರಿಟೈರ್‌ಮೆಂಟಿಗೆ ಇನ್ನೆಷ್ಟು ವರ್ಷ ಉಳಿದಿದೆ ಎಂದು ಮೆಲ್ಲಗೆ ವಿಚಾರಿಸಿದರು. ನನಗೆ ಅವರ ಪ್ರಶ್ನೆಯ ಸಂದರ್ಭವೇ ತಿಳಿಯಲಿಲ್ಲ.

ತಿಳಿದದ್ದು ಊಟದ ಹೊತ್ತಿಗೆ, ಹೆಂಡತಿ ಫೋನ್ ಮಾಡಿದಾಗ. ಬೀದಿಯ ಯಾರೋ ಹೆಂಗಸು ಜಾಹೀರಾತನ್ನು ಅವಳಿಗೆ ತೋರಿಸಿದ್ದರಂತೆ. ಅವಳು ಆರಂಭಿಸಿದ್ದೇ ತೆಲುಗಿನಲ್ಲಿ. "ಏಮಂಡಿ, ಬುದ್ಧಿ ಉಂದಾ ಮೀಕು?" ಎಂದು ನನಗೆ ಬುದ್ಧಿ ಇದೆಯೇ ಎಂದೇ ವಿಚಾರಿಸಿದಳು. ಆಮೇಲೆ ಕನ್ನಡಕ್ಕೆ ಬಂದು, "ನೀವು ಬರ್ದಿರೋದನ್ನ ನೀವೇ ಒಂದ್ಸಲ ಓದಿ, ಬೇರೆ ಯಾರದೋ ಗಂಡ ಬರ್ದಿದ್ದು ಅಂದ್ಕೊಂಡು ಓದಿ" ಎಂದಳು. ಓದಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕೈಯಲ್ಲಿದ್ದ ಚಪಾತಿ ಡಬ್ಬಿಗೆ ಬಿತ್ತು. ಜಿಲ್ಲೆಯ ಅಷ್ಟೂ ಒಂಟಿ ಗಂಡಸರಿಗೆ ನಾನು, ಐವತ್ತು ದಾಟಿದ ಗುಮಾಸ್ತ, ಬೆಳಗಿನವರೆಗೂ ಜೊತೆಗಿರುವ ಭರವಸೆ ಕೊಟ್ಟಿದ್ದೆ. ಅಂಗಡಿಯೋ, ಆಪಾರ ಮನೆಯ ಮುಂದಿನ ಕೋಣೆ. ಅಲ್ಲಿ ಅವರ ಗಂಡ ಇದ್ದಾರೆ, ಹಿಂದುಗಡೆ ಅತ್ತೆ ಇದ್ದಾರೆ, ಬೀದಿಯಲ್ಲಿ ಅವರಿಗೊಂದು ಮರ್ಯಾದೆ ಇದೆ. ಆ ಬೆಳಿಗ್ಗೆ ಒಬ್ಬಿಬ್ಬರಿಗೆ ನಾನು ವಿಳಾಸವನ್ನೂ ಹೇಳಿದ್ದೆ. ಅದು ನೆನಪಾದಾಗ ನಾಚಿಕೆ ಹೋಗಿ ನಿಜವಾದ ಭಯ ಬಂತು.

ಜಾಹೀರಾತು ತೆಗೆದುಹಾಕಿ, ಅರ್ಧ ದಿನ ರಜೆ ಬರೆದುಕೊಟ್ಟು ಬಸ್ಸು ಹತ್ತಿದೆ. ರಜೆಯ ಕಾರಣ ಏನೆಂದು ಮೇಲಧಿಕಾರಿ ಕೇಳಲಿಲ್ಲ. ಕೇಳದೆ ಸಹಿ ಹಾಕಿದರು.

ಆಪಾರ ಮನೆಗೆ ಹೋದಾಗ ಹೆಂಡತಿ ಆಗಲೇ ಅಲ್ಲಿದ್ದಳು. ಆಪಾರ ಗಂಡ ಬಾಗಿಲಿನ ಹತ್ತಿರ ಕುಳಿತು ನೂಲು ಬಿಚ್ಚುವ ಯಂತ್ರದ ಬೆಲ್ಟು ಹೊಲಿಯುತ್ತಿದ್ದರು. ಮಿತಭಾಷಿ. ಅವರೊಡನೆ ನಾನು ವರ್ಷಗಳಿಂದ ಆಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಫ್ಲೆಕ್ಸು ತುಂಬುವುದಿಲ್ಲ. ನಾನು ತಡವರಿಸುತ್ತಾ, ದೊಡ್ಡ ಪ್ರಮಾದವಾಗಿದೆ ಎಂದೆ. ಅವರು ಸೂಜಿ ಕೆಳಗಿಟ್ಟರು.

"ಭಾಯ್‌ಸಾಬ್, ಬೀದಿಯವರೆಲ್ಲ ಓದಿದಾರೆ, ನಾನೊಬ್ಬ ಓದಿಲ್ಲ. ಏನ್ ಬರ್ದಿದೀರ, ನೀವೇ ಓದಿ ಹೇಳಿ."

ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಫೋನಿನಲ್ಲಿ ಉಳಿದಿದ್ದ ಪ್ರತಿಯನ್ನು ತೆಗೆದು ಓದಿದೆ. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಆಪಾ, ಎದುರಿಗೆ ಅವರು. "ನಿಮಗೊಂದು ಸಾಂತ್ವನ ಬೇಕಲ್ಲವೇ" ಎನ್ನುವಾಗ ನನ್ನ ದನಿ ಬಾವಿಯೊಳಗಿಂದ ಬಂದಂತೆ ಬಂತು. "ಅಪ್ಪುಗೆಯಂತೆ ಬೆಚ್ಚಗೆ" ಎನ್ನುವಾಗ ನೋಟ ಗೋಡೆಯ ಕ್ಯಾಲೆಂಡರಿನ ಮೇಲೆ ನೆಟ್ಟಿತ್ತು. ತರಬೇತಿಯಲ್ಲಿ ಗಟ್ಟಿಯಾಗಿ ಓದಿ ತೋರಿಸಿ ಎಂದದ್ದು ಯಾಕೆ ಎಂದು ಆಗ ಪೂರ್ತಿ ಮನವರಿಕೆಯಾಯಿತು.

ಓದಿ ಮುಗಿದ ಮೇಲೆ ಅವರು "ಉರ್ದುನಲ್ಲಿ ಬರ್ದಿದ್ರೆ ಮುಶಾಯಿರಾದಲ್ಲಿ ಕವಿತೆ ಓದೋಕೆ ಕರೀತಿದ್ರು" ಎಂದು ಮತ್ತೆ ಸೂಜಿ ಎತ್ತಿಕೊಂಡರು. ಆಪಾ ದುಪಟ್ಟಾ ಬಾಯಿಗೆ ಒತ್ತಿಕೊಂಡದ್ದು ಅಳುವಿಗೆಂದು ನಾನು ತಿಳಿದೆ. ನೋಡಿದರೆ ಭುಜ ಕುಲುಕುತ್ತಿತ್ತು. ಅವರನ್ನು ನೋಡಿ ನನ್ನ ಹೆಂಡತಿಗೂ ತಡೆಯಲಾಗಲಿಲ್ಲ. ಒಳಗಿನಿಂದ ಅತ್ತೆ ಏನಾಯಿತೆಂದು ಕೇಳಿದರು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅಷ್ಟರಲ್ಲಿ ಬಾಗಿಲ ಮುಂದೆ ಒಂದು ಸ್ಕೂಟರು ನಿಂತಿತು. ನನ್ನ ವಯಸ್ಸಿನವರೇ, ಮಾಸಿದ ಬಿಳಿ ಅಂಗಿ, ಎಡಬಲಕ್ಕೆ ಖಾಲಿ ಹಾಲಿನ ಕ್ಯಾನು. ಬೆಳಿಗ್ಗೆ ಫೋನಿನಲ್ಲಿ ಬೇರೇನೂ ಕೇಳದೆ ವಿಳಾಸವನ್ನಷ್ಟೇ ಕೇಳಿದ ಜಂಗಮಕೋಟೆಯವರು ಇವರೇ. ಇಬ್ಬರ ನಗುವೂ ನಿಂತಿತು. ಆಪಾರ ಗಂಡ ಎದ್ದು ನಿಂತರು.

"ಸಾಂತ್ವನ ಅಂತ ಹಾಕಿದ್ರಲ್ಲ, ಇಲ್ಲೇನಾ?" ಎಂದು ಆತ ಚಪ್ಪಲಿ ಹೊರಗೆ ಬಿಟ್ಟು ಕೇಳಿದರು. ಮುಖದಲ್ಲಿ ಕಳ್ಳಕಳೆ ಇರಲಿಲ್ಲ. ಡಾಕ್ಟರ ಹತ್ತಿರ ಬಂದವರ ಹಾಗಿದ್ದರು. ಅಭ್ಯಾಸಬಲದಿಂದ ನನ್ನ ಬಾಯಿಂದ ಬಂದದ್ದು, ಯಾರು ಹೋದರು ಎಂಬ ಪ್ರಶ್ನೆ.

"ನಮ್ಮ ಹಸು" ಎಂದರು.

ಅವರನ್ನು ಕೂರಿಸಿದೆವು. ನಾನು ಗಂಟಲು ಸರಿಮಾಡಿಕೊಂಡೆ. ಮೂವತ್ತು ವರ್ಷದ ಅನುಭವವಿರುವ ಕ್ಷೇತ್ರ ಇದೊಂದೇ. ಬಂದವರು ಹೋಗಲೇಬೇಕು, ದೇಹ ಅಳಿದರೂ ನೆನಪು ಅಳಿಯದು ಎಂದು ಶುರುಮಾಡಿದೆ. ಆತ ವಿನಯದಿಂದಲೇ ಕೇಳಿಸಿಕೊಂಡು, "ಇದನ್ನ ಬ್ಯಾನರ್‌ನಲ್ಲಿ ಓದಿದೀನಿ ಸ್ವಾಮಿ" ಎಂದರು. ಅದು ನನ್ನದೇ ಬ್ಯಾನರು ಎಂದು ಹೇಳಿಕೊಳ್ಳುವ ಆಸೆ ಒಂದು ಗಳಿಗೆ ಬಂದುಹೋಯಿತು.

ಆಪಾ ಟೀ ತಂದು ಕೊಟ್ಟು, ಹಸು ನೋಡಲು ಹೇಗಿತ್ತು ಎಂದು ಕೇಳಿದರು. ಅಷ್ಟೇ ಕೇಳಿದ್ದು. ಆತ ಮಾತಾಡತೊಡಗಿದರು. ಕಪ್ಪು-ಬಿಳಿ ಮಚ್ಚೆಯ ಹಸು. ಹುಳುವಿನ ಮನೆಗೆ ಹಿಪ್ಪುನೇರಳೆ ಸೊಪ್ಪು ತರುವಾಗ ಸ್ಕೂಟರಿನ ಹಿಂದಿನಿಂದ ಒಂದು ಬಾಯಿ ಕಿತ್ತುಕೊಳ್ಳದಿದ್ದರೆ ಅದಕ್ಕೆ ಸಮಾಧಾನವಿರಲಿಲ್ಲ. ಬೇರೆ ಯಾರು ಹಿಂಡಲು ಕೂತರೂ ಹಾಲು ಬಿಡುತ್ತಿರಲಿಲ್ಲ. ಇವರು ಮದುವೆಗೆ ಗಿದುವೆಗೆ ಎಂದು ಪರವೂರಿಗೆ ಹೋದರೆ, ಕೊಟ್ಟಿಗೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ಇವರ ದನಿ ಕೇಳಿಸಬೇಕಿತ್ತು. ಹೋದ ವಾರ ಹೊಟ್ಟೆ ಉಬ್ಬರಿಸಿ, ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರೂ ಉಳಿಯಲಿಲ್ಲ.

"ಮನೇಲಿ ಒಬ್ಬರೂ ಅದರ ಮಾತಾಡ್ಲಿಲ್ಲ ಕಣಮ್ಮ. ಎಲ್ಲಾ ಇನ್ಶೂರೆನ್ಸ್‌ನವರು ಅದರ ಕಿವಿಗೆ ಹಾಕಿದ ಓಲೆ ನಂಬರ್ ಹುಡುಕೋಕೆ ನಿಂತ್ರು. ಇನ್ಶೂರೆನ್ಸ್ ಬರ್ತದೆ, ಇನ್ನೊಂದು ತರಣ, ಯಾಕಪ್ಪ ಸಪ್ಪಗಿದೀಯ ಅಂತಾರೆ. ಗಂಡಸು ಹಸೂಗೆ ಅಳ್ತಾ ಕೂತ್ಕೊಂಡ್ರೆ ಏನಂದ್ಕೊಂತಾರೆ? ನಿಮ್ಮದು ಫೋನಲ್ಲಿ ಬಂತು. ಯಾರೋ ಇದಕ್ಕೂ ಒಂದು ಅಂಗಡಿ ಇಟ್ಟವ್ರೆ ಅಂತ ಬಂದೆ."

ಅವರು ಅತ್ತರು. ನನ್ನ ಹೆಂಡತಿ ತನ್ನ ತವರಿನಲ್ಲಿದ್ದ ಒಂದು ಎಮ್ಮೆಯ ಕಥೆ ಹೇಳಿದಳು. ಅದು ಅವಳ ಮದುವೆಯ ಚಪ್ಪರದ ತೋರಣವನ್ನೆಲ್ಲ ತಿಂದುಹಾಕಿತ್ತಂತೆ. ಇಷ್ಟು ವರ್ಷದಲ್ಲಿ ನನಗೇ ಹೇಳಿರಲಿಲ್ಲ. ತೋರಣ ಗಾಳಿಗೆ ಹೋಯಿತು ಎಂದು ನಮ್ಮ ಕಡೆಯವರಿಗೆ ಹೇಳಿದ್ದರು. ಆತ ಕಣ್ಣೊರೆಸಿಕೊಂಡು ನಕ್ಕರು. ಟೀ ಮುಗಿಸಿ ಎದ್ದು ಅಂಗಿಯ ಜೇಬಿಗೆ ಕೈಹಾಕಿ, ಇದಕ್ಕೆ ಏನು ಕೊಡಬೇಕು ಎಂದು ಕೇಳಿದರು.

ಆಗ ನನ್ನ ಹೆಂಡತಿಯೇ ವಿಷಯ ತಿಳಿಸಿದಳು. ಇದು ರಜಾಯಿ ಅಂಗಡಿ, ಜಾಹೀರಾತು ಬರೆದವರು ನನ್ನ ಯಜಮಾನರು, ಅವರಿಗೆ ಸಾಹಿತ್ಯದ ಕಾಯಿಲೆ ಇದೆ ಎಂದಳು. ಆತ ನನ್ನನ್ನು ಬಹಳ ಮರುಕದಿಂದ ನೋಡಿದರು. ಆ ಮಧ್ಯಾಹ್ನ ಸಾಂತ್ವನ ನಿಜವಾಗಿ ಬೇಕಾಗಿದ್ದದ್ದು ನನಗೆ ಎಂದು ಅವರಿಗೆ ಅನಿಸಿರಬೇಕು. ಆಮೇಲೆ ಕಪಾಟಿನ ರಜಾಯಿಯ ಕಡೆ ತಿರುಗಿ, "ಇದಾ ಸಾಂತ್ವನ" ಎನ್ನುತ್ತಾ ಮುಟ್ಟಿ ನೋಡಿದರು. ಹುಳ ಸಾಕುವವರು, ಮೂಗಿಗೆ ಹಿಡಿದು ನೋಡಿದರು. ಒಳಗೆ ಹುಳದ ಚೂರು ಇರುವುದಿಲ್ಲವೇ, ಮಳೆಗಾಲದಲ್ಲಿ ವಾಸನೆ ಹೊಡೆಯುವುದಿಲ್ಲವೇ, ಒಗೆಯಬಹುದೇ, ಇಲಿ ಕಡಿದರೆ ರಿಪೇರಿ ಮಾಡಿಕೊಡುತ್ತೀರಾ ಎಂದು ಒಂದಾದ ಮೇಲೊಂದು ಕೇಳಿದರು. ಆಪಾ ಎಲ್ಲಕ್ಕೂ ಉತ್ತರ ಹೇಳಿದರು. ಆತ ಅಂದು ಕೊಳ್ಳಲಿಲ್ಲ. ಕೆಲವು ದಿನ ಬಿಟ್ಟು ಅವರ ಹೆಂಡತಿ ಒಬ್ಬರೇ ಬಂದರು. ಗಂಡ ಶಿಡ್ಲಘಟ್ಟದ ಯಾವುದೋ ಅಂಗಡಿಯಿಂದ ಮನಸ್ಸು ಹಗುರ ಮಾಡಿಕೊಂಡು ಬಂದರಂತೆ, ಅದು ಎಂಥ ಅಂಗಡಿ ಎಂದು ಕಣ್ಣಾರೆ ನೋಡಿಹೋಗಲು. ನೋಡಿ, ನೆಮ್ಮದಿಯ ನಿಟ್ಟುಸಿರು ಬಿಟ್ಟು, ಡಬಲ್ ರಜಾಯಿ ಕೊಂಡುಹೋದರು.

ಮುಂದಿನ ಜಾಹೀರಾತಿಗೆ ನಾವು ಮೂವರೂ ಆಪಾರ ಮನೆಯಲ್ಲೇ ಕೂತೆವು. ಫೋನು ಈ ಸಲ ಹೆಂಡತಿಯ ಕೈಯಲ್ಲಿತ್ತು. ಅವಳು ಮೈಕಿನ ಗುರುತು ಒತ್ತಿ, ಪಕ್ಕದ ಮನೆಯವಳ ಹತ್ತಿರ ಹೇಳುವ ಹಾಗೆ ಅದರ ಹತ್ತಿರ ಹೇಳಿದಳು. ಅರ್ಧ ಕನ್ನಡ, ನಡುನಡುವೆ ತೆಲುಗು, ಆಪಾ ಸೇರಿಸಿದ ಉರ್ದು. ಕಂಫರ್ಟರ್ ಎಂಬ ಪದ ಆ ಕೋಣೆಯಲ್ಲಿ ಯಾರೂ ಎತ್ತಲಿಲ್ಲ. ಗಿರಾಕಿಗಳು ಸಾಮಾನ್ಯವಾಗಿ ಏನು ಕೇಳುತ್ತಾರೆ ಎಂದು ಯಂತ್ರ ಕೇಳಿತು. ಹುಳ, ವಾಸನೆ, ಒಗೆತ, ಇಲಿ ಎಂದಳು. ಎಲ್ಲಕ್ಕೂ ನಿಮ್ಮ ಉತ್ತರವೇನು ಎಂದಿತು. ಹೇಳಿದಳು. ಅದು ಬರೆದುಕೊಟ್ಟದ್ದನ್ನು ಆಪಾರ ಗಂಡನಿಗೆ ಗಟ್ಟಿಯಾಗಿ ಓದಿ ತೋರಿಸಿದಳು. ನಾಲ್ಕನೆಯ ಸಾಲಿನಲ್ಲಿ ಅದು "ನಿಮ್ಮ ಕನಸುಗಳಿಗೆ ರೆಕ್ಕೆ" ಎಂದೇನೋ ಹಾಕಿತ್ತು. ಅವರು ತಲೆ ಅಲ್ಲಾಡಿಸಿದರು. ಅದನ್ನು ತೆಗೆಸಿದಳು. "ಮೃದುಲ" ಎಂಬುದೊಂದನ್ನಾದರೂ ಸೇರಿಸೋಣ ಎಂದು ನಾನು ಮೆಲ್ಲಗೆ ಸೂಚಿಸಿದೆ. ಮೂವರೂ ನನ್ನ ಕಡೆ ನೋಡಿದರು. ನಾನು ಟೀ ಲೋಟಗಳನ್ನು ಒಳಗಿಡಲು ಎದ್ದೆ.

"ಇದು ರೇಷ್ಮೆ ರಜಾಯಿ. ಒಳಗೆ ಹುಳ ಇಲ್ಲ, ವಾಸನೆ ಇಲ್ಲ. ನಂಬಿಕೆ ಬರದಿದ್ದರೆ ಶಿಡ್ಲಘಟ್ಟಕ್ಕೆ ಬಂದು ಮೂಗಿಗೆ ಹಿಡಿದು ನೋಡಿ. ರಜಾಯಿ ಒಗೆಯುವ ಹಾಗಿಲ್ಲ, ಗವಸು ಒಗೆಯಬಹುದು. ಇಲಿ ಕಡಿದರೆ ತನ್ನಿ, ಸರಿಮಾಡಿಕೊಡುತ್ತೇವೆ." ಇಷ್ಟೇ ಜಾಹೀರಾತು. ಜೊತೆಗೆ ಆಪಾ ಮತ್ತು ಹೆಂಡತಿ ನಾಲ್ಕು ಮೂಲೆ ಹಿಡಿದು ಪದರ ಎಳೆಯುವ ಫೋಟೋ. ದೀಪವಿಲ್ಲ, ಚೆಂಡುಹೂವಿಲ್ಲ. ಇದರಲ್ಲಿ ಸಾಹಿತ್ಯ ಎಲ್ಲಿದೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆದರೆ ಜನ ಬಂದರು. ನಿಜವಾಗಿಯೂ ಮೂಗಿಗೆ ಹಿಡಿದು ನೋಡಿದರು. ಮುರುಗಮಲ್ಲದ ಒಂದು ಮನೆಯವರು ಮಗಳ ಮದುವೆಗೆಂದು ಕೊಂಡರು. ಅಂಬಾಜಿದುರ್ಗದ ಕಡೆಯ ಒಬ್ಬ ಅಜ್ಜಿ ಇಲಿ ಕಡಿದ ರಜಾಯಿ ತಂದರು. ಅದು ನಮ್ಮಲ್ಲಿ ಕೊಂಡದ್ದೇ ಅಲ್ಲ, ಆದರೂ ಸರಿಮಾಡಿಕೊಟ್ಟರು.

ಕಚೇರಿಯಲ್ಲಿ ನನ್ನ ಬಿರುದು ಬದಲಾಯಿತು. ಸಾಹಿತಿಗಳೇ ಎನ್ನುತ್ತಿದ್ದವರು ಈಗ ಸಾಂತ್ವನ ಸಾರ್ ಎನ್ನುತ್ತಾರೆ. ಮೇಲಧಿಕಾರಿಗೆ ನಾನು ರಜಾಯಿಯ ಫೋಟೋ, ಅಳತೆ ಎಲ್ಲ ತೋರಿಸಿ ವಿವರಿಸಿದೆ. ನಂಬಿದೆ ಎಂದರು. ಆಮೇಲೂ ನನ್ನ ಫೋನು ಬಡಿದುಕೊಂಡಾಗ ಅವರು ಎದ್ದು ಹೊರಗೆ ಹೋಗುವುದು ಮಾತ್ರ ನಿಂತಿಲ್ಲ.

ಫ್ಲೆಕ್ಸಿನ ಅಂಗಡಿಯವರು ಈಗ ತಮ್ಮ ಫೋನಿನಲ್ಲೇ ಯಂತ್ರದಿಂದ ಸಾಲು ಬರೆಸುತ್ತಾರೆ. ಬಸ್ ನಿಲ್ದಾಣದ ಹತ್ತಿರ ಒಂದು ಬ್ಯಾನರ್ ನೋಡಿದೆ. ತೀರಿಕೊಂಡವರು ದಿನಾ ಸಂಜೆ ಯಾವ ಕಟ್ಟೆಯ ಮೇಲೆ ಕೂರುತ್ತಿದ್ದರು ಎಂಬುದನ್ನಷ್ಟೇ ಅದರಲ್ಲಿ ಬರೆದಿತ್ತು. ಚೆನ್ನಾಗಿತ್ತು. ಬಸ್ಸು ಬರುವವರೆಗೂ ಅದರಲ್ಲಿ ವ್ಯಾಕರಣದ ತಪ್ಪು ಹುಡುಕಿದೆ, ಸಿಗಲಿಲ್ಲ.

ಈಗ ಭಾನುವಾರಗಳಲ್ಲಿ ನಾನೂ ಅಂಗಡಿಯಲ್ಲಿರುತ್ತೇನೆ. ರಜಾಯಿಯನ್ನು ಗಾಳಿ ಹೋಗುವ ಹಾಗೆ ಮಡಚಿ, ಹೊರಗಿನ ಚೀಲಕ್ಕೆ ಹುರಿ ಕಟ್ಟುವ ಕೆಲಸ ನನ್ನದು. ಗಂಟು ಬಿಗಿಯಾಗಿರಬೇಕು, ಬಿಚ್ಚುವವರಿಗೆ ಕತ್ತರಿ ಬೇಕಾಗಬಾರದು. ಇದನ್ನು ಆಪಾರ ಗಂಡ ಕಲಿಸಿದರು. ಕಳೆದ ಚಳಿಗಾಲದಲ್ಲಿ ಚಿಕ್ಕಬಳ್ಳಾಪುರದಿಂದ ಬಂದ ಒಂದು ದಂಪತಿ ರಜಾಯಿ ಆರಿಸಿಕೊಂಡು, ನಿಮ್ಮ ಜಾಹೀರಾತು ಬಹಳ ಚೆನ್ನಾಗಿದೆ, ಯಾರು ಬರೆಯುತ್ತಾರೆ ಎಂದು ಕೇಳಿದರು. ನಾನು ಹುರಿ ಬಿಟ್ಟು ಬೆನ್ನು ನೇರ ಮಾಡಿಕೊಂಡೆ.

"ನಾನೂ ಆಪಾನೂ ಹೇಳ್ತೀವಿ, ಎಐ ಬರೀತದೆ" ಎಂದಳು ನನ್ನ ಹೆಂಡತಿ.

ಹಾಗಾದರೆ ಇವರು ಯಾರು ಎಂದು ಕೊಳ್ಳಲು ಬಂದಾಕೆ ನನ್ನ ಕಡೆ ತೋರಿಸಿದರು.

"ನಮ್ಮನೆಯವರು. ಗಂಟು ಚೆನ್ನಾಗಿ ಕಟ್ತಾರೆ."